ಅರಿಶಿನದ ಸೈಟಿನಲ್ಲಿ ಭಾವಮೈದುನ

ಸ್ವಂತ ಮನೆಯಿರುವಾಗ ನಮ್ಮ ವೆಬ್‌ಸೈಟಿಗೇಕೆ ಬಾಡಿಗೆ ಮನೆ? ಛೆ! 2007ರಲ್ಲಿ ವಿಶ್ರಾಮಬಾಗದ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದೇ ತಡ, ಹಳೆಯ ಕಂಪ್ಯೂಟರಿಗೆ ಹಗುರವಾದ ವೆಬ್ ಸರ್ವರ್ ಒಂದನ್ನು ಹಾಕಿ, ನನ್ನ ಅರಿಶಿನದ ಅಂಗಡಿಯನ್ನು ಇಡೀ ಜಗತ್ತಿಗೆ ತೆರೆದಿಡಲು ಪಣ ತೊಟ್ಟೆ.

"ಅದರಾಗ ನನ್ನ ತಮ್ಮಗೂ ಒಂದು ಜಾಗಾ ಕೊಡ್ರಿ" ಎಂದಳು ಹೆಂಡತಿ ಮೃಣಾಲ. ಅವಳ ತಮ್ಮ ಬಾಹುಬಲಿಗೆ ಕನ್ಯೆ ಹುಡುಕುತ್ತಿದ್ದೆವು. ಮಿರಜದ ದಾದಾಸಾಹೇಬರು ತಮ್ಮ ಮಗಳಿಗೆಂದು ಹುಡುಗನ ಫೋಟೊ, ವಿವರ ಕೇಳಿದ್ದರು.

"ಒಂದ್ಯಾಕ, ಹತ್ತು ಸೈಟ್ ಕುಂದ್ರಸ್ತೇನಿ!" ಎಂದೆ.

ಒಂದೇ ಯಂತ್ರ, ಎರಡು ಸೈಟು. ಯಾವ ವಿಳಾಸಕ್ಕೆ ಯಾವುದನ್ನು ತೋರಿಸಬೇಕೆಂದು ಸರ್ವರಿಗೆ ಬರೆದುಕೊಡಬೇಕು. ಬರೆದೆ. ಬರೆದದ್ದನ್ನು ಪರೀಕ್ಷಿಸುವ ತಾಳ್ಮೆ ಮಾತ್ರ ನನಗೆಲ್ಲಿಯದು!

ಬಾಹುಬಲಿಯ ಸೈಟಿನ ವಿಳಾಸವನ್ನು ದಾದಾಸಾಹೇಬರಿಗೆ ಕೊಟ್ಟೂ ಬಿಟ್ಟೆ. ಮರುದಿನ ಬೆಳಿಗ್ಗೆ ಸೈಬರ್ ಕೆಫೆಯಿಂದ ಅವರ ಫೋನು.

"ಹುಡುಗನ ವಿವರಾ ಓದಿದೆವ್ರಿ. ಚಲೋತಂಗ ಕುದಿಸಿ, ಬಿಸಲಾಗ ಒಣಗಿಸಿ, ಪಾಲಿಶ್ ಮಾಡೇವಿ, ವರ್ಷಗಟ್ಲೆ ಇಟ್ರೂ ಹುಳಾ ಹತ್ತಂಗಿಲ್ಲ ಅಂತ ಬರದೀರಿ. ಏನ್ರಿ ಇದು?"

"ಕಾಕಾ, ಅಲ್ಲೇ ಕುಂದ್ರಿ! ಈಗ ಸರಿ ಮಾಡ್ತೇನಿ!"

ಕಂಪ್ಯೂಟರಿನತ್ತ ಹಾರಿದೆ. ಒಂದು ಸಾಲು ತಿದ್ದಿದೆ. ಕುಳಿತೆ, ಎದ್ದೆ, ಮತ್ತೊಂದು ಸಾಲು ಅಳಿಸಿದೆ. ಲೋಡ್‌ಶೆಡ್ಡಿಂಗ್ ಹೊತ್ತು ಹತ್ತಿರ ಬರುತ್ತಿತ್ತು. ಬೆನ್ನ ಹಿಂದೆ ಮೃಣಾಲಳ ಜಪ: "ಆತೇನ್ರಿ? ಆತೇನ್ರಿ?"

"ಆತು!" ಎಂದು ಸರ್ವರನ್ನು ಮತ್ತೆ ಚಾಲೂ ಮಾಡಿದೆ.

ಮತ್ತೆ ಫೋನು! ಈ ಸಲ ಹುಬ್ಬಳ್ಳಿಯ ಅರಿಶಿನದ ಗಿರಾಕಿ.

"ಶೇಟ್‌ರ, ನಿಮ್ಮ ಮಾಲು ನೋಡಿದೆ. ಮೀಸಿ ಭಾಳ ಚಲೋ ಐತಿ. ಕ್ವಿಂಟಲ್‌ಗೆ ಏನ್ ದರಾ?"

ಪರದೆಯತ್ತ ತಿರುಗಿ ನೋಡಿದೆ. ಮೊದಲು ಯಾವ ವಿಳಾಸ ಹೊಡೆದರೂ ಅರಿಶಿನ. ಈಗ ಯಾವ ವಿಳಾಸ ಹೊಡೆದರೂ ಬಾಹುಬಲಿ!

"ನನ್ನ ತಮ್ಮನ್ನ ತಕ್ಕಡಿಗೆ ಹಾಕಿದ್ರಲ್ರಿ!" ಮೃಣಾಲಳ ಕಣ್ಣಲ್ಲಿ ನೀರು. "ಈ ಸಂಬಂಧ ಮುರೀತಂದ್ರ ನಿಮ್ಮ ಜೋಡಿ ನಾ ಮಾತಾಡಂಗಿಲ್ಲ!"

ಅಷ್ಟರಲ್ಲಿ ದಾದಾಸಾಹೇಬರು ಮತ್ತೆ ಫೋನ್ ಮಾಡಿದರು. ಎತ್ತುವ ಧೈರ್ಯ ನನಗಿರಲಿಲ್ಲ. ಮೃಣಾಲಳೇ ಎತ್ತಿ ಸ್ಪೀಕರ್ ಒತ್ತಿದಳು.

"ಈಗ ಹುಡುಗ ಕಂಡ್ನವಾ. ಮಗಳಿಗೂ ಪಸಂತ ಬಿದ್ದಾನ. ಆದ್ರ ಒಂದ್ ಮಾತು ಖರೇ ಹೇಳು. ಈ ಸೈಟ್ ಹುಡುಗನೇ ಮಾಡ್ಯಾನೇನು?"

"ಇಲ್ಲರಿ ಕಾಕಾ, ನಮ್ಮ ಮನಿಯವರು."

ಅತ್ತ ಕಡೆಯಿಂದ ಸಮಾಧಾನದ ಉದ್ದನೆಯ ನಿಟ್ಟುಸಿರು ಕೇಳಿಸಿತು.

"ಹಂಗಾದ್ರ ರವಿವಾರ ಹುಡುಗನ್ನ ನೋಡಾಕ ಬರ್ತೀವಿ!"