ಸ್ಪ್ಯಾನರ್ ಪಕ್ಕದ ಪುಸ್ತಕ

ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟ ಬೈಕ್ ಮೆಕ್ಯಾನಿಕ್ ವಿಜಿ ಉರುಫ್ ವಿಜಯ್‌ಕುಮಾರ್ ಹನ್ನೊಂದು ಸಾವಿರ ಕೊಟ್ಟು ತೆರೆಯ ಮೇಲೆ ಪುಸ್ತಕ ಓದುವ ಯಂತ್ರ ತರಿಸಿದ್ದು ಹಿನಕಲ್ಲಿನ ಆ ಬೀದಿಗೆ ಅಜೀರ್ಣವಾಗಿತ್ತು. ಅದೇ ದುಡ್ಡಿಗೆ ಟೀವಿ ತಂದಿದ್ದರೆ ಎಲ್ಲರೂ ಬಂದು ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ಗ್ರೀಸು ಮೆತ್ತಿದ ಕೈಗೆ ಓದೇಕೆ?

“ಓದೋನಿಗೆ ಲೈಬ್ರರಿ ಸಾಕು. ಓದದೋನಿಗೆ ಇದೂ ದಂಡ,” ಎಂದು ಎದುರುಮನೆಯ ನಿವೃತ್ತ ಮೇಷ್ಟ್ರು ರಾಮಸ್ವಾಮಿ ತೀರ್ಪು ಕೊಟ್ಟಿದ್ದರು. ಹೆಂಡತಿ ತೇಜಸ್ವಿನಿ ಕರಾರು ಹಾಕಿದ್ದಳು: ವಾಪಸ್ ಕಳಿಸಲು ಹತ್ತು ದಿನ ಗಡುವಿದೆ, ಅಷ್ಟರಲ್ಲಿ ಒಂದೇ ಒಂದು ಪುಸ್ತಕ ಮುಗಿಸಿದರೆ ಯಂತ್ರ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ.

ಹತ್ತನೇ ದಿನವೇ ಆಯುಧಪೂಜೆ. ಪತ್ತೇದಾರಿ ಕಾದಂಬರಿಯಲ್ಲಿ ಇನ್ನು ಇಪ್ಪತ್ತು ಪುಟ ಬಾಕಿ. ಕೊಲೆಗಾರನ ಹೆಸರು ಇನ್ನೇನು ಹೊರಬೀಳಬೇಕು, ಅವ್ವ ತಿಮ್ಮಮ್ಮ ಯಂತ್ರವನ್ನು ಕೈಯಿಂದ ಕಿತ್ತುಕೊಂಡು ಗ್ಯಾರೇಜಿನ ಪೂಜೆಯ ಹಲಗೆಯ ಮೇಲೆ, ಸ್ಪ್ಯಾನರ್‌ಗಳ ಪಕ್ಕ ಇಟ್ಟುಬಿಟ್ಟಳು.

“ಅವ್ವ, ಅದು ಆಯುಧ ಅಲ್ಲ ಕಣವ್ವ! ಪುಸ್ತಕ!”

ಬಾಳೆಕಂದು ನೆಟ್ಟಗಿದೆಯೋ ಇಲ್ಲವೋ ನೋಡಲೆಂದೇ ಬಂದಿದ್ದ ಮೇಷ್ಟ್ರ ಮುಖ ಅರಳಿತು. “ಪುಸ್ತಕ ಆದ್ರೆ ಸರಸ್ವತಿ ಪೂಜೆಗೆ ಇಡಬೇಕಿತ್ತು ಕಣಯ್ಯ. ವಿಜಯದಶಮಿವರೆಗೂ ಓದೋ ಹಾಗಿಲ್ಲ.”

“ಹಂಗಾದ್ರೆ ಮಿಷನ್ನು ಸಾರ್. ಬ್ಯಾಟರಿ ಐತೆ ನೋಡಿ.”

“ಮಿಷನ್ ಆದ್ರೆ ಇಟ್ಟಿರೋ ಜಾಗನೇ ಸರಿಯಾಗಿದೆ.”

“ಆರು ಗಂಟೆಗೆ ಗಡುವು ಮುಗೀತದೆ ಕಣ್ರೀ,” ಎಂದಳು ತೇಜಸ್ವಿನಿ ಫೋನು ಹಿಡಿದು. “ವಾಪಸ್ ಅಂತ ಒತ್ತಿಬುಡ್ಲಾ?”

ವಿಜಿ ಗಾಳಿ ಹೆಚ್ಚಾದ ಟ್ಯೂಬಿನಂತೆ ಉಬ್ಬಿದ. ಆಮೇಲೆ ಏನು ಹೊಳೆಯಿತೋ, ಕೈಕಾಲು ತೊಳೆದು ಬಂದು ಹಲಗೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ. ಕೈಮುಗಿದು ಬಗ್ಗಿದ. ಒಂದು ಪುಟ ಓದಿದ. ತೆರೆಯ ಬಲ ಅಂಚನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡ. ಪುಟ ತಿರುಗಿತು.

ಅವ್ವ ನಡುವೆ ಬಂದು ತೆರೆಗೆ ಕುಂಕುಮ ಇಟ್ಟಾಗ ಒಂದು ಪುಟ ಹಾರಿಹೋಯಿತು. ಎಡ ಅಂಚಿಗೆ ನಮಸ್ಕರಿಸಿ ಹಿಂದಕ್ಕೆ ತಂದ. ಕುಂಕುಮದ ಕೆಳಗೆ ಸಿಕ್ಕಿದ ಮಾತನ್ನು ಊಹಿಸಿಕೊಂಡ. ಕಾದಂಬರಿಯ ಬಡ ನರ್ಸು ಸಾಯುವಾಗ ಕಣ್ಣಲ್ಲಿ ನೀರೇ ಬಂತು. “ಅಯ್ಯೋ ದೇವ್ರೇ!” ಎಂದ.

ಬಾಗಿಲಲ್ಲಿ ಜನ ನೆರೆದರು. “ಇವ್ನಾ?” ಎಂದ ಟೀ ಅಂಗಡಿ ಚೆಲುವಯ್ಯ. “ಗಣಪತಿ ಚಂದಾ ಕೇಳೋಕ್ಕೋದ್ರೆ ಷಟರ್ ಎಳೀತಿದ್ದೋನು!”

“ಸದ್ದು!” ಎಂದರು ಮೇಷ್ಟ್ರು.

ಐದು ಮುಕ್ಕಾಲಿಗೆ ಕೊನೆಯ ಪುಟ. ಕೊಂದವನು ಅಡುಗೆ ಭಟ್ಟ! ವಿಜಿ ಹೆಂಡತಿಗೆ ಕಣ್ಣಲ್ಲೇ ತೆರೆಯ ಮೂಲೆ ತೋರಿಸಿದ. ಪೂರ್ತಿ ನೂರು ಪರ್ಸೆಂಟ್. ಅವಳು ನಗು ತಡೆದುಕೊಂಡು ಫೋನು ಕೆಳಗಿಟ್ಟಳು. “ಗೆದ್ರಿ. ವಾಪಸ್ ಕಳ್ಸಲ್ಲ ಬುಡಿ,” ಎಂದು ಪಿಸುಗುಟ್ಟಿದಳು.

ವಿಜಿ ಹೆಮ್ಮೆಯಿಂದ ಯಂತ್ರಕ್ಕೆ ಕೈ ಹಾಕಿದ. ಅವ್ವ ಆ ಕೈಗೆ ಪಟ್ಟೆಂದು ಬಾರಿಸಿದಳು.

“ಮುಟ್ಟೀಯೆ! ಹುಟ್ಟಿದಾಗಿಂದ ದೇವ್ರ ಮುಂದೆ ಐದು ನಿಮಿಷ ಕೂರದೋನ್ನ ಇದು ಎರಡು ಗಂಟೆ ಕೂರಿಸ್ತಲ್ಲೋ! ಇನ್ಮೇಲೆ ಇದು ದೇವ್ರ ಗೂಡಲ್ಲೇ ಇರ್ತದೆ.”

“ಅವ್ವ, ನಾನು...” ಎಂದು ಬಾಯಿ ತೆರೆದವನು ಬಾಗಿಲ ಕಡೆ ನೋಡಿದ. ಚೆಲುವಯ್ಯ ಚಪ್ಪಲಿ ಬಿಟ್ಟು, ಕೈಮುಗಿದು ನಿಂತಿದ್ದ. ವಿಜಿ ಬಾಯಿ ಮುಚ್ಚಿದ.

“ಹನ್ನೊಂದು ಸಾವಿರ ಏನೇನೂ ಹೆಚ್ಚಲ್ಲ ಕಣಯ್ಯ,” ಎಂದರು ಮೇಷ್ಟ್ರು ವಿಜಿಯ ಬೆನ್ನು ತಟ್ಟಿ. “ಕೊಟ್ಟಿದ್ದು ಸಾರ್ಥಕ.”

ಹತ್ತು ದಿನದಿಂದ ಅವರ ಬಾಯಲ್ಲಿ ವಿಜಿ ಕೇಳಬೇಕೆಂದು ಹಲ್ಲು ಕಚ್ಚಿದ್ದ ಮಾತು ಅದೇ. ಕೇಳಿದ. ಅಷ್ಟರಲ್ಲಿ ಮನೆಯೊಳಗೆ ಅವ್ವ ಯಂತ್ರವನ್ನು ದೇವರ ಗೂಡಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.