ಕಾರ್ಡೂ ನಡೀತದೆ, ಬೋರ್ಡೂ ನಡೀತದೆ

ಕುಮಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ನಗಲಿಕ್ಕೆ ಬೇರೆ ಕಡೆ ಹೋಗುವ ಅಗತ್ಯ ನನಗೆ ಬಿದ್ದಿಲ್ಲ. ಸಿಟ್ಟಿಗೂ ಅಷ್ಟೇ. ಎದುರಿನ ಕಂಪ್ಯೂಟರ್ ಅಂಗಡಿಯವನು ಸಿಕ್ಕವರಿಗೆಲ್ಲ, "ಪರದೆಗೆ ಚಿತ್ರ ಕಳಿಸಲಿಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಮದರ್‌ಬೋರ್ಡಿನ ಗ್ರಾಫಿಕ್ಸ್ ಸತ್ತ ಹಾಗೆ. ಎರಡೂ ಒಟ್ಟಿಗೆ ನಡೀತದೆ ಅಂತ ಆ ಹೆಂಗಸು ಬುರುಡೆ ಬಿಡ್ತದೆ" ಎನ್ನುತ್ತಿದ್ದ. ನನ್ನ ಗಿರಾಕಿಗಳು ಒಬ್ಬೊಬ್ಬರೇ ಅವನ ಕಡೆ ಜಾರತೊಡಗಿದರು. ನಾನು ಜಗ್ಗಲಿಲ್ಲ.

ಟೋಪಿ

ಹೊನ್ನಾವರದ ಸ್ಟುಡಿಯೋದವರು ಮದುವೆ ವಿಡಿಯೋ ಎಡಿಟಿಂಗಿಗೆಂದು ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರು. "ಎಂತದೂ ಸ್ಪೀಡಾಗ್ಲಿಲ್ಲ" ಎಂದು ನನ್ನನ್ನು ಕರೆದರು. ಹಿಂದೆ ಬಗ್ಗಿ ನೋಡಿದರೆ ಕಾರ್ಡಿಗೆ ಚುಚ್ಚಬೇಕಾದ ಎರಡೂ ಮಾನಿಟರಿನ ಕೇಬಲನ್ನು ಬೋರ್ಡಿಗೇ ಚುಚ್ಚಿದ್ದಾರೆ. ಕಾರ್ಡಿನಲ್ಲಿ ಕೇಬಲ್ ಚುಚ್ಚುವ ಕಿಂಡಿಗಳ ಮೇಲೆ ಕಂಪನಿಯ ಪ್ಲಾಸ್ಟಿಕ್ ಟೋಪಿ ಹಾಗೇ ಇದೆ.

"ಇದನ್ನ ಎಂತಕ್ಕೆ ತೆಗೀಲಿಲ್ಲ?"

"ತೆಗೆದ್ರೆ ವಾರಂಟಿ ಹೋಗ್ತದಲ್ಲ? ವಾರಂಟಿ ಮುಗಿದ ಮೇಲೆ ತೆಗ್ಯೋಣ ಅಂತ ಇದ್ದೆ."

ಬಡಗಿ

ಭಟ್ಕಳದ ಬಟ್ಟೆ ಅಂಗಡಿಯ ಸಾಹುಕಾರರಿಗೆ ಎರಡು ಪರದೆ: ಒಂದು ಬಿಲ್ಲಿಗೆ, ಎಡಗಡೆಯದು ಗಿರಾಕಿಗೆ ಡಿಸೈನ್ ತೋರಿಸಲು. "ಮೌಸ್ ಬಲಕ್ಕೆ ಸರಿಸಿದ್ರೆ ಬಾಣ ಎಡಗಡೆ ಪರದೆಗೆ ಹೋಗ್ತದೆ, ಬೇಗ ಬನ್ನಿ" ಎಂದು ಫೋನ್ ಮಾಡಿದರು. ನಾನು ಹೋಗುವಷ್ಟರಲ್ಲಿ, ಆ ಪರದೆಯನ್ನು ಬಲಕ್ಕೆ ಕೂರಿಸಲು ಬಡಗಿ ಕೌಂಟರ್ ಕೊಯ್ಯುತ್ತಿದ್ದ. ಸೆಟ್ಟಿಂಗಿನಲ್ಲಿ ಆ ಪರದೆಯ ಚಿತ್ರವನ್ನು ಒಂದು ಸಲ ಎಡಕ್ಕೆ ಎಳೆದು ಸರಿ ಮಾಡಿದೆ. ಸಾಹುಕಾರರು ಕೌಂಟರ್ ನೋಡಿದರು, ನನ್ನನ್ನು ನೋಡಿದರು.

"ಮೊದಲಿದ್ದ ಹಾಗೇ ಮಾಡಿ ಮೇಡಂ. ಅರ್ಧ ಕೊಯ್ದಾಗಿದೆ!"

ಗ್ರೀಸ್

ತದಡಿಯ ಮೀನು ವ್ಯಾಪಾರಿಯ ಕಾರ್ಡಿನಲ್ಲಿ ಮೂರೇ ಕಿಂಡಿ, ಮೂರೂ ಭರ್ತಿ. ಆತನಿಗೆ ನಾಲ್ಕನೇ ಪರದೆ ಬೇಕು. "ಹೊಸ ಮಷೀನೇ ಗತಿ" ಎನ್ನುತ್ತ ಎದುರು ಅಂಗಡಿಯವನು ಅಲ್ಲೇ ಬಂದು ಕೂತಿದ್ದ.

"ಬೋರ್ಡಿನಿಂದಲೇ ಓಡಿಸ್ತೇನೆ. ಆಗ್ಲಿಲ್ಲ ಅಂದ್ರೆ ನನ್ನ ಅಂಗಡಿ ಬಾಗಿಲು ಹಾಕ್ತೇನೆ" ಎಂದೆ.

ಮಷೀನಿನ ಸೆಟಪ್ಪಿಗೆ ಹೋಗಿ, ಮಲಗಿದ್ದ ಬೋರ್ಡಿನ ಗ್ರಾಫಿಕ್ಸನ್ನು ಎಬ್ಬಿಸಿದೆ. ಕೇಬಲ್ ಚುಚ್ಚಿದೆ. ಪರದೆ ಕಪ್ಪು. ಎದುರು ಅಂಗಡಿಯವನು ಹಲ್ಲು ಕಿರಿದ. ಮೇಜಿನಡಿ ನುಗ್ಗಿ ನೋಡಿದರೆ ಬೋರ್ಡಿನ ಕಿಂಡಿಯ ತುಂಬ ಗ್ರೀಸ್!

"ಉಪ್ಪುಗಾಳಿ ಅಲ್ವಾ," ವ್ಯಾಪಾರಿ ಬಗ್ಗಿ ಪಿಸುಗುಟ್ಟಿದ. "ಬೋಟಿನ ನಟ್ಟಿಗೆ ಹಚ್ಚಿದ ಹಾಗೆ ಅದಕ್ಕೂ ಹಚ್ಚಿದ್ದೆ."

ಚೆನ್ನಾಗಿ ಒರೆಸಿ ಮತ್ತೆ ಚುಚ್ಚಿದೆ. ನಾಲ್ಕೂ ಪರದೆ ಬೆಳಗಿದವು. ಗ್ರೀಸು ಮೆತ್ತಿದ ಕೈಯಲ್ಲೇ ಹೊರಬಂದು, "ಎಂತ, ನೋಡಿದ್ರಾ?" ಎಂದೆ. ಎದುರು ಅಂಗಡಿಯವನು ನನ್ನ ಕೈಯನ್ನೇ ದಿಟ್ಟಿಸಿ, ಎದ್ದು ಹೋದ.

ಮರುದಿನ ಅವನದೇ ಫೋನ್. ದನಿ ಮೆತ್ತಗಾಗಿತ್ತು.

"ನಮ್ಮ ಗಿರಾಕಿದೂ ಒಂದು ಪರದೆ ಬರ್ತಾ ಇಲ್ಲ. ನಿನ್ನೆ ನೀವು ಹಚ್ಚಿದ್ದು ಯಾವ ಗ್ರೀಸು?"