ಟೆಸ್ಟರಿನ ತಲೆಗೆ ಗಂಧದ ಬೊಟ್ಟು

ಕೊಂಚ ತಾಳಿ. ಕೈಯಲ್ಲಿರುವ ಕಾಫಿ ಲೋಟ ಕೆಳಗಿಡಿ, ಸ್ವಿಚ್ಚಿನ ಗೋಡೆಗೆ ಒರಗಿ ಕೂತಿದ್ದರೆ ಸ್ವಲ್ಪ ಈಚೆ ಸರಿಯಿರಿ, ಆಮೇಲೆ ಕೇಳಿ. ನಾನು ಹೇಳಹೊರಟಿರುವುದು ನೋಡಲು ಪೆನ್ನಿನಂತಿದ್ದು, ಹೊಟ್ಟೆಯೊಳಗೆ ಪುಟ್ಟ ಕೆಂಪು ದೀಪ ಬಚ್ಚಿಟ್ಟುಕೊಂಡಿರುವ ಟೆಸ್ಟರ್ ಎಂಬ ಅದ್ಭುತದ ಕತೆ. ಪ್ರಪಂಚದಲ್ಲಿ ಅಪಾಯದ್ದೆಲ್ಲ ಮೊದಲೇ ಒಂದು ಸೂಚನೆ ಕೊಡುತ್ತದೆ. ಹಾವು ಬುಸ್ಸೆನ್ನುತ್ತದೆ, ಹೋರಿ ಕೊಂಬು ತಗ್ಗಿಸುತ್ತದೆ, ನಮ್ಮಪ್ಪ ಹೆಗಲ ಮೇಲಿನ ಟವೆಲ್ಲು ಕೊಡವುತ್ತಾರೆ. ಕರೆಂಟಿಗೆ ಮಾತ್ರ ಆ ಮರ್ಯಾದೆ ಇಲ್ಲ. ಜೀವವಿರುವ ತಂತಿ, ಜೀವವಿಲ್ಲದ ತಂತಿ ಎರಡೂ ಅವಳಿ ಮಕ್ಕಳ ಹಾಗೆ ಸುಮ್ಮನೆ ನಮ್ಮ ಮುಖ ನೋಡುತ್ತಿರುತ್ತವೆ. ಯಾವುದು ಯಾವುದೆಂದು ಮುಟ್ಟಿದ ಮೇಲೆ ತಿಳಿಯುತ್ತದೆ. ಅಷ್ಟು ಹೊತ್ತಿಗೆ ತಿಳಿದೂ ಪ್ರಯೋಜನವಿಲ್ಲ.

ನಮ್ಮ ಮನೆ ಕಂಬಂ ಪಕ್ಕದ ದ್ರಾಕ್ಷಿ ತೋಟದಲ್ಲಿದೆ. ಆ ತಮಿಳು ಸೀಮೆಯಲ್ಲಿ ಕನ್ನಡವೇ ಎಂದು ಕೇಳಬೇಡಿ. ನಮ್ಮ ಹಿರೀಕರು ಯಾವ ಕಾಲದಲ್ಲೋ ದನಗಳ ಜೊತೆ ಹೊಡೆದುಕೊಂಡು ಬಂದದ್ದು, ಇನ್ನೂ ಮನೆಯೊಳಗೆ ಮೇಯುತ್ತಿದೆ. ಬೆಟ್ಟದಿಂದ ಇಳಿದು ನಮ್ಮ ಗದ್ದೆಗೆ ಬರುವ ನೀರೇ ದಾರಿಯಲ್ಲಿ ಪವರ್‌ಹೌಸಿನ ಚಕ್ರ ತಿರುಗಿಸಿ ಬರುವುದರಿಂದ, ಅಪ್ಪನ ಪ್ರಕಾರ ಕರೆಂಟು ನೀರಿನ ತಮ್ಮ. ಅಣ್ಣ ಅನ್ನ ಕೊಡುತ್ತಾನೆ, ತಮ್ಮ ಒದೆ ಕೊಡುತ್ತಾನೆ. ಬಾವಿಗೆ ಮೋಟಾರು ಬಂದಂದಿನಿಂದ ನಾನು ಆ ತಮ್ಮನ ಸಹವಾಸಕ್ಕೆ ಬಿದ್ದೆ. ಯಾರೂ ಕಲಿಸಲಿಲ್ಲ, ಬಿಚ್ಚಿ ಬಿಚ್ಚಿ ಕಲಿತೆ. ಬಿಚ್ಚುವ ವಿದ್ಯೆ ಬೇಗ ಬಂತು. ಜೋಡಿಸುವ ವಿದ್ಯೆ ಹಿಂದಿನ ಬಸ್ಸಿಗೆ ಬರುತ್ತಿದೆ. ತಂತಿಯಲ್ಲಿ ಕರೆಂಟಿದೆಯೋ ಎಂದು ನೋಡಲು ಬೆರಳಿನ ಹಿಂಭಾಗದಿಂದ ತಟ್ಟಿ ನೋಡುವುದು ನಮ್ಮ ಕಡೆಯ ಹಾಳು ಪದ್ಧತಿ. ನೀವು ಮಾಡಬೇಡಿ. ನಾನು ಹಾಗೆ ತಟ್ಟಿ, ಸ್ಟೂಲಿನಿಂದ ಹಾರಿ, ನಮ್ಮವ್ವ, ಅಂದರೆ ಅಪ್ಪನ ತಾಯಿ, ಕಡೆಯುತ್ತಿದ್ದ ಮಜ್ಜಿಗೆ ಮಡಕೆಯೊಳಗೆ ಕೈ ಕಾಲು ಸಮೇತ ಇಳಿದಿದ್ದೆ. ಅಪ್ಪ ಟವೆಲ್ಲು ಕೊಡವಿ ತೀರ್ಪು ಕೊಟ್ಟರು. “ಇನ್ನೊಂದ್ಸಲ ಹೊಡಸ್ಕಂಡೆ ಅಂದ್ರೆ ನಿನ್ ಸಾಮಾನೆಲ್ಲಾ ಬಾವಿಗೆ. ಶರಿಯಾ?”

ಸರಿ ಎನ್ನದೆ ಗತಿಯಿರಲಿಲ್ಲ. ಏಕೆಂದರೆ ಹನುಮಂತನಪಟ್ಟಿಯಲ್ಲಿ ನಮ್ಮ ಸೋದರಮಾವ ಹೊಸ ಮನೆ ಕಟ್ಟುತ್ತಿದ್ದ. ಜಗುಲಿಗೆ ಮಾತ್ರ ಯಾರೋ ಒಂದು ದೀಪ ಎಳೆದುಕೊಟ್ಟು ಹೋಗಿದ್ದರು, ಅದೂ ಉರಿಯುತ್ತಿರಲಿಲ್ಲ. ಅದನ್ನು ಉರಿಸಿ ತೋರಿಸಿದರೆ ಇಡೀ ಮನೆಯ ವೈರಿಂಗು ನನಗೇ ಎಂದು ಮಾವ ಮಾತು ಕೊಟ್ಟಿದ್ದ. ಇಡೀ ಮನೆ! ಬಚ್ಚಲೂ ಸೇರಿ! ಇನ್ನು ನಾನು ಒದೆ ತಿನ್ನುವ ಹಾಗಿರಲಿಲ್ಲ.

ಆದ್ದರಿಂದ ತೇನಿ ದಾಟಿ ದಿಂಡಿಗಲ್‌ವರೆಗೂ ಬಸ್ಸಿನಲ್ಲಿ ಹೋದೆ. ಬೀಗಗಳು ದ್ರಾಕ್ಷಿಗೊಂಚಲಿನಂತೆ ಜೋತಾಡುವ ಬೀದಿಯಲ್ಲಿ ಒಂದು ಕರೆಂಟು ಸಾಮಾನಿನ ಅಂಗಡಿ. ದಾರಿಯುದ್ದಕ್ಕೂ ನಾನು ಒಂದು ಮಹಾ ವಿಚಾರ ಮಾಡಿಕೊಂಡು ಹೋಗಿದ್ದೆ: ಮಳೆ ಬರುವುದನ್ನು ಇರುವೆ ಮುಟ್ಟದೆ ತಿಳಿಯುತ್ತದೆ, ಹಲಸು ಹಣ್ಣಾದದ್ದನ್ನು ಮೂಗು ಮುಟ್ಟದೆ ತಿಳಿಯುತ್ತದೆ, ಹಾಗಾದರೆ ತಂತಿಯನ್ನು ಮುಟ್ಟದೆ, ದೂರದಿಂದಲೇ ಕರೆಂಟು ಹೇಳುವ ಟೆಸ್ಟರ್ ಏಕಿರಬಾರದು? ಅಂಗಡಿಯವರನ್ನು ಅದನ್ನೇ ಕೇಳಿದೆ. ಅವರು ಕನ್ನಡಕ ಹಣೆಗೇರಿಸಿ, “ತೊಡಾಮ ತೆರಿಯಣುಮ್ನಾ ಜೋಸಿಯರೆ ಪಾರು ತಂಬಿ” ಅಂದರು. ಮುಟ್ಟದೆ ತಿಳಿಯಬೇಕಾದರೆ ಜೋಯಿಸರನ್ನು ನೋಡಪ್ಪಾ ಎಂದು. ನಗಲಿ ಬಿಡಿ. ಒಂದು ದಿನ ಅಂಥದ್ದು ಬಂದೇ ಬರುತ್ತದೆ, ಆಗ ಮೊದಲು ಕೇಳಿದವನು ನಾನೆಂದು ನೀವು ಸಾಕ್ಷಿ ಹೇಳಬೇಕು.

ಆಮೇಲೆ ಅವರು ನಿಯಾನ್ ಟೆಸ್ಟರ್ ತೆಗೆದು, ತುದಿಯನ್ನು ಗೋಡೆಯ ಪ್ಲಗ್ಗಿಗೆ ತೂರಿಸಿ, ಹಿಂದಿನ ಹಿತ್ತಾಳೆ ಬಿಲ್ಲೆಯ ಮೇಲೆ ಬೆರಳಿಡಲು ಹೇಳಿದರು. ಇಟ್ಟೆ. ಒಳಗೆ ಮಾಣಿಕ್ಯದ ಹರಳಿನಂತೆ ಕೆಂಪು ಹತ್ತಿತು. ಬೆರಳು ತೆಗೆದರೆ ಆರಿತು, ಇಟ್ಟರೆ ಹತ್ತಿತು. ಅಂದರೆ ಕರೆಂಟಿನ ಒಂದು ಎಳೆ ನನ್ನ ಮೈಯೊಳಗೇ ಹಾದು ನೆಲಕ್ಕೆ ಹೋಗುತ್ತಿದೆ, ನನಗೆ ಗೊತ್ತೇ ಆಗುತ್ತಿಲ್ಲ! ನಾನೇ ಒಂದು ತಂತಿ! ಅಷ್ಟು ಹೊತ್ತು ಇಟ್ಟೂ ತೆಗೆದೂ ಮಾಡಿದೆನೆಂದರೆ, ಹಿಂದೆ ನಿಂತಿದ್ದ ಗಿರಾಕಿ ಕೆಮ್ಮಲು ಶುರುಮಾಡಿದ. ಇನ್ನು ಆರಿಸುವ ಕಷ್ಟ. ಒಂದು ದಪ್ಪ, ಹಿಡಿ ಭದ್ರ, ಬಿಲ್ಲೆ ಅಗಲ. ಇನ್ನೊಂದು ತೆಳ್ಳಗೆ, ಬಿಲ್ಲೆ ಕಡಲೆಕಾಳಿನಷ್ಟು, ಆದರೆ ಜೇಬಿಗೆ ಸಿಕ್ಕಿಸುವ ಕೊಂಡಿಯಿದೆ. ಬುದ್ಧಿ ದಪ್ಪದ್ದು ಅಂದಿತು. ಅಂಗಿ ತೆಳ್ಳನೆಯದು ಅಂದಿತು. ಅಂಗಿ ಗೆದ್ದಿತು.

ಮನೆಗೆ ಬಂದರೆ ಅವ್ವ ಅದನ್ನು ಕಿತ್ತುಕೊಂಡಳು. ನಮ್ಮಲ್ಲಿ ಹೊಸ ಕಬ್ಬಿಣ ಯಾವುದೇ ಇರಲಿ, ಗಂಧ ಕುಂಕುಮ ಇಡದೆ ಕೆಲಸಕ್ಕೆ ಇಳಿಸುವುದಿಲ್ಲ. ಕುಡುಗೋಲಿಗಾಯಿತು, ಮೋಟಾರಿಗಾಯಿತು, ಮಾವನ ಸೈಕಲ್ಲಿನ ಗಂಟೆಗೂ ಆಯಿತು. ಅವ್ವ ಗಂಧ ತೇಯ್ದುಕೊಂಡು ಬಂದು ಟೆಸ್ಟರನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದಕ್ಕೆ ತಲೆ ಯಾವ್ದುಪ್ಪಾ, ಬಾಲ ಯಾವ್ದು?”

“ಈ ಬಿಲ್ಲೆ ಐತಲ್ಲವ್ವಾ, ಇದೇ ತಲೆ. ಇಲ್ಲಿ ಬೆರಳಿಟ್ರೇನೇ ಇದಕ್ ಉಸಿರು” ಎಂದು ವಿದ್ವಾಂಸನಂತೆ ತೋರಿಸಿಕೊಟ್ಟವನು ನಾನೇ. ಅವ್ವ ಆ ತಲೆಗೆ ಮೊಮ್ಮಗನ ಮೇಲಿನ ಪ್ರೀತಿಯನ್ನೆಲ್ಲ ಸೇರಿಸಿ ದಪ್ಪನಾಗಿ ಗಂಧ ಮೆತ್ತಿದಳು. ಬೆಳಗ್ಗೆ ಅದು ಗಾರೆಯಂತೆ ಒಣಗಿತ್ತು. ಇಟ್ಟ ಬೊಟ್ಟನ್ನು ನಾವಾಗಿ ಒರೆಸಬಾರದು, ಒರೆಸಲಿಲ್ಲ. ಜೇಬಿಗೆ ಸಿಕ್ಕಿಸಿಕೊಂಡರೆ ಬೊಟ್ಟೂ ಚೆನ್ನಾಗಿಯೇ ಕಾಣುತ್ತಿತ್ತು.

ಹನುಮಂತನಪಟ್ಟಿಯಲ್ಲಿ ಮಾವ ನೆಂಟರನ್ನೆಲ್ಲ ಜಗುಲಿಯ ಮುಂದೆ ಸೇರಿಸಿದ್ದ. ಅಪ್ಪ ಆಗ ತಾನೇ ಉಂಡು, ಕೈ ತೊಳೆದು, ಕೈಯಿಂದ ನೀರು ತೊಟ್ಟಿಕ್ಕಿಸುತ್ತ ಬಂದು ನಿಂತರು. ನಾನು ಸ್ಟೂಲು ಹತ್ತಿ, ದೀಪದ ಹೋಲ್ಡರು ಬಿಚ್ಚಿ, ತಂತಿಗೆ ಟೆಸ್ಟರಿನ ತುದಿಯಿಟ್ಟು, ಬಿಲ್ಲೆಯ ಮೇಲೆ ಬೆರಳಿಟ್ಟೆ. ಕೆಂಪಿಲ್ಲ. ಇನ್ನೊಂದು ತಂತಿಗಿಟ್ಟೆ. ಕೆಂಪಿಲ್ಲ. ಎಲ್ಲರ ಕಡೆ ತಿರುಗಿ, ಹಳೆಯ ಕಾಲದಲ್ಲಾದರೆ ಇದನ್ನು ಬೆರಳಿನಿಂದ ತಟ್ಟಿ ನೋಡಬೇಕಿತ್ತು, ಈಗ ವಿಜ್ಞಾನ ಬಂದಿದೆ, ಇಲ್ಲಿ ಕರೆಂಟೇ ಇಲ್ಲ ಎಂದು ಸಣ್ಣ ಭಾಷಣ ಮಾಡಿ ತಂತಿ ಹಿಡಿದೆ.

ಮಾವ ದನಗಳಿಗೆಂದು ಒಟ್ಟಿದ್ದ ಹುಲ್ಲು ಮೆತ್ತಗಿತ್ತು, ಆ ಮಟ್ಟಿಗೆ ಪುಣ್ಯ. ನಾನು ಅದರೊಳಗಿಂದ ತಲೆ ಹೊರಹಾಕಿದಾಗ ಅಪ್ಪ ಕೆಳಗೆ ಬಿದ್ದ ಟೆಸ್ಟರನ್ನು ಎತ್ತಿಕೊಂಡು ಮಾವನನ್ನು ಬಹಳ ಶಾಂತವಾಗಿ ಕೇಳುತ್ತಿದ್ದರು. “ಮಚ್ಚಾ, ನಿಮ್ ಬಾವಿ ಆಳ ಐತಾ?”

ಮಾವ, ಎಸೆಯೋದು ಎಸೀರಿ, ಇದರಲ್ಲಿ ಏನು ಮಾಯ ಐತೆ ಅಂತ ಒಂದ್ಸಲ ನೋಡಿ ಎಸೀರಿ ಅಂದ. ಅಪ್ಪ ಅಸಡ್ಡೆಯಿಂದ ಸ್ಟೂಲು ಹತ್ತಿ, ನಾನು ಮಾಡಿದಂತೆಯೇ ತುದಿಯಿಟ್ಟು, ಒದ್ದೆ ಹೆಬ್ಬೆಟ್ಟನ್ನು ಬಿಲ್ಲೆಯ ಮೇಲೆ ಒತ್ತಿ ತಿಕ್ಕಿದರು. ಒಣಗಿದ ಗಂಧ ನೆನೆದು ಕರಗಿತು. ಕೆಂಪು ಹತ್ತಿತು. ಬೆರಳಿಗೂ ಬಿಲ್ಲೆಗೂ ನಡುವೆ ಅವ್ವನ ಪ್ರೀತಿ ಗೋಡೆ ಕಟ್ಟಿತ್ತೆಂದು ನನಗೆ ಹುಲ್ಲಿನಲ್ಲೇ ಹೊಳೆಯಿತು. ಹೇಳಲು ಬಾಯಿ ತೆರೆದೆ, ಕೇಳುವವರು ಯಾರು? ಅಪ್ಪ ಬೆರಳು ಇಟ್ಟರು, ತೆಗೆದರು, ಇಟ್ಟರು, ತೆಗೆದರು. ಮುಖದಲ್ಲಿ ದಿಂಡಿಗಲ್ ಅಂಗಡಿಯಲ್ಲಿದ್ದ ನನ್ನ ಮುಖವೇ.

“ಏ, ಇದ್ರೊಳ್ಗೆ ದೀಪ ಐತಲ್ಲೋ” ಅಂದರು, ಯಾರಿಗೂ ಅಲ್ಲ ಎಂಬಂತೆ.

ಟೆಸ್ಟರ್ ಬಾವಿಗೆ ಹೋಗಲಿಲ್ಲ. ಅಪ್ಪನ ಜೇಬಿಗೆ ಹೋಯಿತು, ಕೊಂಡಿ ಸಮೇತ. ಹೋಲ್ಡರಿನೊಳಗೆ ಸಡಿಲವಾಗಿದ್ದ ತಂತಿಯನ್ನು, ಮೇನ್ ಆರಿಸಿ, ನಾನು ಬಿಗಿ ಮಾಡಿದೆ, ಜಗುಲಿ ದೀಪ ಹತ್ತಿತು, ಮಾವನ ಮನೆಯ ವೈರಿಂಗೂ ಸಿಕ್ಕಿತು. ಆದರೆ ಒಂದು ಷರತ್ತು: ಪ್ರತಿ ತಂತಿಯನ್ನೂ ಮೊದಲು ಅಪ್ಪ ಪರೀಕ್ಷಿಸಬೇಕು. ಈಗ ಅವರು ಬೆರಳಿಗೆ ನೀರು ಮುಟ್ಟಿಸಿಕೊಂಡು ಮುಂದೆ ಮುಂದೆ ಹೋಗುತ್ತಾರೆ. ಟೆಸ್ಟರಿಗೆ ಕೈ ಚಾಚಿದರೆ ಟವೆಲ್ಲು ಕೊಡವುತ್ತಾರೆ. ನಾನು ದೂರದಲ್ಲಿ ಕೈಕಟ್ಟಿ ನಿಂತಿರುತ್ತೇನೆ. ಕರೆಂಟು ಐತೆ, ಇಲ್ಲ ಎಂದು ಅವರು ಹೇಳುತ್ತಾರೆ. ಅಂಗಡಿಯವರು ನಗಾಡಿದ್ದರಲ್ಲ, ಏನನ್ನೂ ಮುಟ್ಟದೆ ಕರೆಂಟು ತಿಳಿದುಕೊಳ್ಳುತ್ತಿರುವವನು ಈ ಕಣಿವೆಯಲ್ಲಿ ಸದ್ಯಕ್ಕೆ ನಾನೊಬ್ಬನೇ.

ನಿಮ್ಮ ಮನೆಗಳಲ್ಲಿ ಹೇಗೆ? ತಂತಿಯ ಜೀವ ನೋಡಲು ನೀವೇನು ಮಾಡುತ್ತೀರಿ, ಎಲ್ಲಿಂದ ಹಾರಿ ಎಲ್ಲಿ ಬಿದ್ದಿರಿ, ನಾಚಿಕೆಯಿಲ್ಲದೆ ಬರೆದು ತಿಳಿಸಿ. ಅಪ್ಪನ ಜೇಬಿನಿಂದ ಸಾಮಾನು ವಾಪಸು ಪಡೆದ ಅನುಭವ ಯಾರಿಗಾದರೂ ಇದ್ದರೆ ಅದನ್ನು ಮೊದಲು ಬರೆಯಿರಿ.